ಕುಲಾವಿಯ ವಯಸ್ಸು

ಆ ಕುಲಾವಿ ಮೊದಲು ಕಣ್ಣಿಗೆ ಬಿದ್ದದ್ದು ನನ್ನ ಗಂಡ ಯೋಕುಮನಿಗೆ. ಹಿಂದಿನವರ ಹುಲ್ಲುಹೆಂಟೆಯ ಮನೆಗಳಿದ್ದ ದಂಡೆ ಬಿರುಗಾಳಿಗೆ ಕುಸಿದಿತ್ತು. ಸೀಲ್ ಬೇಟೆಗೆ ಹೋದವನು ಮಣ್ಣಿನೊಳಗಿಂದ ಇಣುಕುತ್ತಿದ್ದ ಚರ್ಮ ನೋಡಿ, ಅದನ್ನು ಮುಟ್ಟದೆ, ಸುತ್ತ ಕಲ್ಲು ಪೇರಿಸಿ ಬಂದು ನಮ್ಮ ಹಿಮದ್ವೀಪದ ರಾಜಧಾನಿ ನೂಕ್ ಪಟ್ಟಣದ ಮ್ಯೂಸಿಯಮ್ಮಿಗೆ ಫೋನ್ ಮಾಡಿದ. ಅಲ್ಲಿ ಹಳೆಯ ಬಟ್ಟೆಗಳನ್ನು ನೋಡಿಕೊಳ್ಳುವವಳು ಬಿಬಿಯಾನೆ, ಯೋಕುಮನ ಅಕ್ಕನ ಮಗಳು.

ಅದು ಮಗುವಿನ ಕುಲಾವಿ, ಸೀಲ್ ಚರ್ಮದ್ದು. ಮಗು ಬೆಳೆದು ಬಿಗಿಯಾದಾಗ ತಾಯಿ ಹಿಂಭಾಗ ಸೀಳಿ, ನಡುವೆ ಒಂದು ಪಟ್ಟಿ ಕೂಡಿಸಿ ಸಡಿಲ ಮಾಡಿದ್ದಳು. ಚಿಕ್ಕಂದಿನಲ್ಲಿ ನಮ್ಮಮ್ಮನೂ ನನ್ನ ಟೋಪಿಗಳಿಗೆ ಹಾಗೇ ಮಾಡುತ್ತಿದ್ದಳು. ಆದರೆ ಇದರ ಪಟ್ಟಿ ಚರ್ಮದ್ದಲ್ಲ, ನೇಯ್ದ ಉಣ್ಣೆಯದು. ನಮ್ಮ ಹಿರಿಯರಲ್ಲಿ ಮಗ್ಗವೂ ಇರಲಿಲ್ಲ, ಕುರಿಯೂ ಇರಲಿಲ್ಲ.

ಡೆನ್ಮಾರ್ಕಿನ ಪ್ರಯೋಗಾಲಯವೊಂದು ಉಣ್ಣೆಯ ಚೂರೊಂದನ್ನು ಸುಟ್ಟು, ಅದರೊಳಗಿನ ಇಂಗಾಲ ಎಷ್ಟು ಹಳೆಯದೆಂದು ಲೆಕ್ಕ ಹಾಕಿ, ಅದರ ವಯಸ್ಸು ಹೇಳಿತು. ಯುರೋಪಿನಿಂದ ಬಂದು ದಕ್ಷಿಣದಲ್ಲಿ ಕುರಿ ಸಾಕಿದ ನಾರ್ಸ್ ಜನ ಈ ನೆಲಕ್ಕೆ ಕಾಲಿಡುವುದಕ್ಕೂ ನೂರು ವರ್ಷ ಹಿಂದಿನದಂತೆ. ರೇಡಿಯೋದವರು ಯೋಕುಮನನ್ನು ಮಾತಾಡಿಸಿದರು. ನಮ್ಮವರು ಆ ಕಾಲದಲ್ಲೇ ಸಮುದ್ರ ದಾಟಿ ಹೋಗಿ ಬಟ್ಟೆ ತಂದಿದ್ದರು ಅಂತ ಅವನು ಹೇಳಿದ. ಯಾರ ಮನೆಯಲ್ಲಿ ಹುಟ್ಟುಹಬ್ಬದ ಕಾಫಿ ನಡೆದರೂ ಅದೇ ಕಥೆ. ಶಾಲೆಯ ಮಕ್ಕಳು ಸಮುದ್ರ ದಾಟಿದ ದೋಣಿಯ ಚಿತ್ರ ಬರೆದರು. ಎಂದೂ ಜಂಬ ಕೊಚ್ಚಿಕೊಂಡವನಲ್ಲ ಯೋಕುಮ್. ಆ ಚಳಿಗಾಲ ಮಾತ್ರ ಎದೆಯುಬ್ಬಿಸಿ ನಡೆದ. ನನಗೂ ಅದು ಹಿತವಾಗಿಯೇ ಇತ್ತು.

ವಸಂತದಲ್ಲಿ ಬಿಬಿಯಾನೆ ನಮ್ಮಲ್ಲಿಗೆ ಬಂದಳು. ಹಿಮದ ಬೂಟು ಕಳಚುವ ಮೊದಲೇ ಅವಳ ಮುಖದಲ್ಲಿ ಏನೋ ಇದೆ ಅನ್ನಿಸಿತು. ಕಾಫಿ ಕೊಟ್ಟೆ, ತಿಮಿಂಗಿಲದ ಚರ್ಮ, ನಮ್ಮ ಮತ್ತಾಕ್, ಹೆಚ್ಚಿ ಮುಂದಿಟ್ಟೆ. ಆ ಲೆಕ್ಕದ ಬಗ್ಗೆ ತನಗೆ ಅನುಮಾನವಿದೆ, ಇನ್ನೊಂದು ಚೂರು ಕತ್ತರಿಸಿ ಮತ್ತೆ ಕಳಿಸಬೇಕು ಅಂದಳು. ತಾನೊಬ್ಬಳೇ ಹಾಗೆ ಮಾಡಬಹುದಿತ್ತು, ಆದರೆ ಕಂಡವನಿಗೆ ಹೇಳದೆ ಕತ್ತರಿ ಹಾಕಲು ಮನಸ್ಸು ಬರಲಿಲ್ಲವಂತೆ.

ಯೋಕುಮ್ ಲೋಟ ಕೆಳಗಿಟ್ಟ. "ನಮ್ಮವರ ಹೆಸರು ಮೇಲೆ ಬಂದಾಗಲೇ ನಿಮಗೆ ಅನುಮಾನ ಹುಟ್ಟೋದು ನೋಡು," ಅಂದ.

"ನಾನೂ ನಮ್ಮವಳೇ ಅಲ್ವಾ ಮಾವ?" ಅಂದಳು ಬಿಬಿಯಾನೆ. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದಳು. ಕುಲಾವಿಯೆಲ್ಲ ಸೀಲ್ ಎಣ್ಣೆ ಹೀರಿಕೊಂಡಿದೆ. ಸಮುದ್ರದ ಆಳದ ನೀರಿನಲ್ಲಿರುವ ಇಂಗಾಲ ಬಹಳ ಹಳೆಯದು. ಅದು ಮೀನಿನ ಮೈ ಸೇರುತ್ತದೆ, ಸೀಲ್ ಮೀನನ್ನು ತಿನ್ನುತ್ತದೆ. ಎಣ್ಣೆ ಪೂರ್ತಿ ತೊಳೆಯದೆ ಲೆಕ್ಕ ಹಾಕಿದರೆ ಬಟ್ಟೆ ಇರುವುದಕ್ಕಿಂತ ಮುದಿಯಾಗಿ ಕಾಣುತ್ತದೆ.

"ನಿಮ್ಮ ಮೂಳೆಯನ್ನೇ ಕಳಿಸಿದ್ರೂ ನೀವು ಸತ್ತು ನಾಲ್ಕು ತಲೆಮಾರು ಆಯ್ತು ಅಂತ ಬರೆದುಕಳಿಸ್ತಾರೆ, ಅಷ್ಟು ಸೀಲ್ ತಿಂದಿದ್ದೀರಿ," ಅಂತ ಮಾವನನ್ನು ಛೇಡಿಸಿದಳು.

"ಇವನು ಬೆಳಗ್ಗೆ ಏಳೋದು ನೋಡಿದ್ರೆ ನಂಗೂ ಹಾಗೇ ಅನ್ಸುತ್ತೆ," ಅಂದೆ ನಾನು. ಯೋಕುಮ್ ನಗಲಿಲ್ಲ. "ಮಾಡ್ಕೋ," ಅಂತಷ್ಟೇ ಹೇಳಿ ನಾಯಿಗಳಿಗೆ ಊಟ ಹಾಕಲು ಹೊರಗೆ ಹೋದ.

ಬಿಬಿಯಾನೆ ನೂಲನ್ನು ಮತ್ತೆ ಮತ್ತೆ ತೊಳೆದಳಂತೆ. ಹಳದಿ ಬಿಡುವುದು ನಿಂತು, ತೊಳೆದ ದ್ರವ ತಿಳಿಯಾಗುವವರೆಗೂ ಬಿಡಲಿಲ್ಲ. ಪಟ್ಟಿ ಹೊಲಿದ ದಾರವನ್ನೂ ಹಾಗೇ ತೊಳೆದಳು. ಅದು ಹಿಮಸಾರಂಗದ ನರದ ದಾರ, ನೆಲದ ಮೇಲೆ ಮೇಯುವ ಪ್ರಾಣಿಯದು; ಸಮುದ್ರದ ಹಳೆಯ ಇಂಗಾಲ ಅದರೊಳಗಿಲ್ಲ. ಬೇಸಿಗೆಯಲ್ಲಿ ಉತ್ತರ ಬಂತು. ಉಣ್ಣೆ, ದಾರ ಎರಡೂ ಹೆಚ್ಚುಕಡಿಮೆ ಒಂದೇ ಕಾಲದವು. ನಾರ್ಸ್ ಜನ ಬಂದು ಮುನ್ನೂರು ವರ್ಷ ಕಳೆದ ಮೇಲಿನವು. ಸಮುದ್ರ ದಾಟಿದ ಕಥೆ ಅಲ್ಲಿಗೆ ಮುಗಿಯಿತು.

ಫೋನ್ ಇಟ್ಟ ಯೋಕುಮ್ ದೋಣಿ ತೆಗೆದುಕೊಂಡು ಹೋಗಿ ಸಂಜೆವರೆಗೂ ಬರಲಿಲ್ಲ. ಬರುವಾಗ ಒಂದು ಸೀಲೂ ತಂದಿರಲಿಲ್ಲ. ಊಟ ಮಾಡುತ್ತಾ ಅವನೇ ಕೇಳಿದ, "ದಾರ, ಬಟ್ಟೆ ಒಂದೇ ಕಾಲದ್ದಾದ್ರೆ, ಅದು ನಾರ್ಸ್ ಜನ ಬಿಟ್ಟುಹೋದ ಹಾಳುಮನೆಯಲ್ಲಿ ಹೆಕ್ಕಿದ್ದಲ್ಲ ಅಂತಾಯ್ತಲ್ಲ?"

ಬಿಬಿಯಾನೆಗೇ ಫೋನ್ ಹಚ್ಚಿಕೊಟ್ಟೆ. ಖಂಡಿತ ಅಂತ ಹೇಳಲಾರೆ, ಲೆಕ್ಕದಲ್ಲಿ ಹತ್ತಿಪ್ಪತ್ತು ವರ್ಷ ಆಚೀಚೆ ಇದ್ದೇ ಇರುತ್ತೆ, ಆದರೆ ಬಟ್ಟೆ ಹೊಸದಿದ್ದಾಗಲೇ ಹೊಲಿದಿರಬಹುದು ಅಂದಳವಳು. ಹಾಗಾದರೆ ಯಾರೋ ಅದನ್ನು ಕೈಯಾರೆ ಕೊಟ್ಟಿರಬೇಕು.

ಭಾನುವಾರ ಚರ್ಚ್ ಮುಗಿದ ಮೇಲೆ ಶಾಲೆಯಲ್ಲಿ ಎಲ್ಲರೂ ಸೇರಿದ್ದಾಗ ಯೋಕುಮ್ ಎದ್ದು ನಿಂತ. ತಾನು ರೇಡಿಯೋದಲ್ಲಿ ಹೇಳಿದ್ದು ತಪ್ಪು, ಸೀಲ್ ಎಣ್ಣೆ ಎಲ್ಲರನ್ನೂ ಏಮಾರಿಸಿತು ಅಂದ. ಹಿಂದಿನಿಂದ ಯಾರೋ ಗೊಣಗಿದರು. ಅವನು ಕೂರಲಿಲ್ಲ.

"ಆ ತಾಯಿ ಮಗುವನ್ನ ಬೆನ್ನಿಗೆ ಹಾಕ್ಕೊಂಡು ಆ ನಾರ್ಸ್ ಜನರ ಮುಂದೆ ನಿಂತಿರಬೇಕು," ಅಂದ. "ಭಾಷೆ ಬೇರೆ, ದೇವರು ಬೇರೆ. ಮಗೂಗೆ ಟೋಪಿ ಬಿಗಿ ಅನ್ನೋದು ಮಾತ್ರ ಅವರಿಗೂ ಅರ್ಥ ಆಗಿರುತ್ತೆ."

ಅವಳು ಬದಲಿಗೆ ಏನು ಕೊಟ್ಟಿರಬಹುದು ಅಂತ ಗೊಣಗಿದವರೇ ಮಾತು ಶುರುಮಾಡಿದರು. ವಾಲ್ರಸ್ ದಂತ ಅಂದರು ಕೆಲವರು. ಅಷ್ಟು ಚಿಕ್ಕ ಚಿಂದಿಗೆ ದಂತ ಕೊಡುವ ದಡ್ಡಿ ನಮ್ಮಲ್ಲಿ ಯಾರೂ ಇರಲಿಲ್ಲ ಅಂತ ಮುದುಕಿಯರು ಜಗಳಕ್ಕೆ ನಿಂತರು.

ಮುಂದಿನ ವಾರ ಬಿಬಿಯಾನೆ ಸಲಿಕೆ, ಡೇರೆ ಹೊತ್ತು ಬಂದಳು. ಇನ್ನೊಂದು ಬಿರುಗಾಳಿ ಬರುವಷ್ಟರಲ್ಲಿ ಆ ಮನೆಯ ಉಳಿದ ನೆಲವನ್ನೂ ಅಗೆದು ನೋಡಬೇಕಿತ್ತು. ಮಾವ, ಸೊಸೆ ಇಬ್ಬರೂ ಸಾಮಾನು ಏರಿಸಿಕೊಂಡು ಹೊರಟರು. ದೋಣಿ ತೇಲುವ ನೀರ್ಗಲ್ಲುಗಳ ಆಚೆ ತಿರುಗಿ ಮರೆಯಾಗುವವರೆಗೂ ಅವರು ವಾದ ಮಾಡುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು.