ಗೋಡೆಯ ಮೇಲಿನ ಹನ್ನೆರಡೂವರೆ

ಒಂದು ಡಾಲರಿಗೆ ಹನ್ನೆರಡೂವರೆ ಪೆಸೊ. ಇಪ್ಪತ್ತೆರಡು ವರ್ಷದಿಂದ ಗಡಿಯೂರು ನೊಗಾಲೆಸ್‌ನಲ್ಲಿ ಅದೇ ದರ. ಗಡಿಬೇಲಿಯ ಪಕ್ಕದಲ್ಲಿ ಹುಟ್ಟಿದ ಮಕ್ಕಳಿಗೆ ಅದು ವಾರಕ್ಕೆ ಏಳು ದಿನ ಎಂಬಷ್ಟೇ ಸಹಜ. ಉಳಿದ ವಿನಿಮಯದಂಗಡಿಗಳವರು ದರವನ್ನು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಡೆಲ್ಫಿನಾಳ ಗಂಡ ಎವರಿಸ್ತೊ ಮಾತ್ರ ದೂರದ ಪುವೆಬ್ಲಾ ಊರಿನಲ್ಲಿ ನೀಲಿ ಟೈಲುಗಳನ್ನು ಸುಡಿಸಿ ತಂದು, ಅಂಗಡಿಯ ಕಿಟಕಿಯ ಮೇಲೆ ಗಾರೆ ಹಾಕಿ ಕೂರಿಸಿದ್ದ. ಒಂದು, ಎರಡು, ಚುಕ್ಕೆ, ಐದು, ಸೊನ್ನೆ.

"ಸೀಮೆಸುಣ್ಣ ಅನುಮಾನದ ಪ್ರಾಣಿಗಳಿಗೆ. ನಮ್ಮದು ಮಾತು," ಅನ್ನುತ್ತಿದ್ದ. ಅವನು ಸತ್ತ ಮೇಲೆ ಡೆಲ್ಫಿನಾ ಆ ಮಾತಿನ ಕೆಳಗೆ ಕೂತು ವ್ಯಾಪಾರ ಮಾಡಿದಳು. ಜನ ಬೇರೆ ಅಂಗಡಿ ದಾಟಿ ಬರುತ್ತಿದ್ದುದು ಆ ಟೈಲುಗಳನ್ನು ನಂಬಿ.

ಎಪ್ಪತ್ತಾರರ ಆಗಸ್ಟಿನ ಕೊನೆಯ ಸಂಜೆ, ಇನ್ನು ನಿಗದಿ ದರವಿಲ್ಲ, ಪೆಸೊವನ್ನು ತೇಲಬಿಟ್ಟಿದ್ದೇವೆ ಎಂದು ರೇಡಿಯೊದಲ್ಲಿ ಸರ್ಕಾರ ಹೇಳಿತು. ಡೆಲ್ಫಿನಾ ಕುರ್ಚಿಯಲ್ಲೇ ತೂಕಡಿಸುತ್ತಿದ್ದಳು. ಕನಸಿನಲ್ಲಿ, ಮಳೆಗೆ ಉಕ್ಕಿದ ಹಳ್ಳದಲ್ಲಿ ನಾಣ್ಯಗಳು ಬೆಂಡಿನ ಹಾಗೆ ತೇಲಿ ಬರುತ್ತಿದ್ದವು, ಬೇಲಿಯ ಕೆಳಗೆ ನುಸುಳಿ ಆಚೆ ದೇಶಕ್ಕೆ ಹೋಗುತ್ತಿದ್ದವು, ಯಾರೂ ತಡೆಯಲಿಲ್ಲ. ಬೆಳಿಗ್ಗೆ ಎದ್ದಾಗಲೂ ಕನಸು ಪೂರ್ತಿ ಬಿಟ್ಟಿರಲಿಲ್ಲ. ಬೀದಿ ಮಂಜುಗಣ್ಣಿನಲ್ಲಿ ಕಂಡಂತೆ ಕಾಣುತ್ತಿತ್ತು. ಬ್ಯಾಂಕುಗಳು ಬಾಗಿಲು ತೆರೆದಿರಲಿಲ್ಲ. ಡಾಲರಿಗೆ ಇಪ್ಪತ್ತಂತೆ ಎಂದು ಬೀದಿಯಲ್ಲಿ ಸುದ್ದಿ ಓಡಾಡುತ್ತಿತ್ತು. ಅವಳ ಅಂಗಡಿಯ ಮುಂದೆ ಸಾಲು ಮೂಲೆ ದಾಟಿ ಮಾಂಸದಂಗಡಿಯವರೆಗೂ ಬೆಳೆದಿತ್ತು. ಇಷ್ಟು ಜನ ನಿಂತಿದ್ದರೂ ಗದ್ದಲವಿಲ್ಲ. ಎಲ್ಲರೂ ತಲೆಯೆತ್ತಿ ಟೈಲುಗಳನ್ನೇ ನೋಡುತ್ತಿದ್ದರು, ಚರ್ಚಿನಲ್ಲಿ ನೋಡುವ ಹಾಗೆ.

ಸಾಲಿನ ಮೊದಲಲ್ಲಿ ಸೊಲೆದಾದ್. ಡೆಲ್ಫಿನಾಳ ಮಗನನ್ನು ಜ್ಞಾನಸ್ನಾನದ ದಿನ ಜ್ಞಾನತಾಯಿಯಾಗಿ ಎತ್ತಿಕೊಂಡವಳು. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು 'ಕೊಮಾದ್ರೆ' ಎಂದೇ ಕರೆಯುತ್ತಾರೆ. ಶನಿವಾರ ಸೊಲೆದಾದಳ ತಂಗಿಯ ಮಗಳ ಮದುವೆ. ಅಲ್ಲಿ ಉಂಗುರಕ್ಕೊಬ್ಬರು, ಕೇಕಿಗೊಬ್ಬರು ಎಂದು ನೆಂಟರಿಷ್ಟರು ಖರ್ಚು ಒಪ್ಪಿಕೊಳ್ಳುವ ಪದ್ಧತಿ. ಮದುವಣಗಿತ್ತಿಯ ಉಡುಪು ಸೊಲೆದಾದಳ ಪಾಲಿಗೆ ಬಂದಿತ್ತು. ಉಡುಪು ಬೇಲಿಯಾಚೆಯ ಅಂಗಡಿಯಲ್ಲಿತ್ತು, ಬೆಲೆ ಎಂಬತ್ತು ಡಾಲರು.

"ಸಾವಿರ ಪೆಸೊ ತಂದಿದೀನಿ, ಕೊಮಾದ್ರೆ. ನಿನ್ನೆವರೆಗೂ ಇದು ಎಂಬತ್ತು ಡಾಲರು."

"ನಿನ್ನೇನೇ ಬರಬಾರದಿತ್ತಾ?"

"ನಿನ್ನೆ ಕೂದಲಿಗೆ ಬಣ್ಣ ಹಾಕಿಸ್ಕೋತಿದ್ದೆ. ಎದ್ದು ಬರಕ್ಕಾಗತ್ತಾ?"

ಹಿಂದಿನಿಂದ ಕಸಾಯಿ ಫೌಸ್ತಿನೊ ಕೂಗಿದ. "ಡೋನ್ಯಾ ಡೆಲ್ಫಿನಾ! ನಾವು ಬಂದಿರೋದು ನಿಮ್ಮನ್ನ ನೋಡೋಕಲ್ಲ, ಗೋಡೆ ನೋಡೋಕೆ. ಸುಟ್ಟ ಮಣ್ಣು ಮಾತು ತಪ್ಪುತ್ತಾ?"

"ನಿನ್ನ ತಕ್ಕಡಿ ತಪ್ಪುತ್ತಲ್ಲ, ಅದನ್ನ ಮೊದಲು ನೋಡ್ಕೋ!"

ಸಾಲು ನಕ್ಕಿತು. ಒಬ್ಬರೂ ಜಾಗ ಬಿಟ್ಟು ಕದಲಲಿಲ್ಲ.

ಡೆಲ್ಫಿನಾ ಪೆಟ್ಟಿಗೆ ನೋಡಿದಳು. ಗೋಡೆಯ ದರಕ್ಕೆ ಕೊಟ್ಟರೆ ಮಧ್ಯಾಹ್ನದೊಳಗೆ ಡಾಲರು ಖಾಲಿ, ಮತ್ತೆ ಕೊಳ್ಳುವ ಶಕ್ತಿಯಿಲ್ಲ, ಅಂಗಡಿ ಮುಗಿಯಿತು. ಕೊಡದಿದ್ದರೆ ಎವರಿಸ್ತೊ ಸುಳ್ಳ. ಸೊಲೆದಾದ್ ಒಬ್ಬಳಿಗೆ ಕೊಟ್ಟು ಕಿಟಕಿ ಮುಚ್ಚಿಬಿಡಬಹುದು ಎಂದೂ ಅನ್ನಿಸಿತು. ಆದರೆ ಒಬ್ಬಳಿಗೆ ಮಾತ್ರ ನಿಜವಾಗುವ ಮಾತನ್ನು ಮಾತು ಎನ್ನುತ್ತಾರೆಯೇ? ಆಮೇಲೆ ಈ ಬೀದಿಯಲ್ಲಿ ಮುಖವೆತ್ತಿ ನಡೆಯಲು ಸಾಧ್ಯವೇ?

ಸೊಲೆದಾದ್ ಅವಳ ಮುಖವನ್ನೇ ನೋಡುತ್ತಿದ್ದಳು.

ಡೆಲ್ಫಿನಾ ಒಳಗೆ ಹೋದಳು. ಸುತ್ತಿಗೆ, ಉಳಿ, ಒಂದು ಕಾಲು ಗಿಡ್ಡಗಿದ್ದ ಸ್ಟೂಲು ಹಿಡಿದು ಬೀದಿಗೆ ಬಂದಳು.

"ಇದು ಅಲ್ಲಾಡತ್ತೆ, ಸ್ವಲ್ಪ ಹಿಡ್ಕೋತೀಯಾ?"

ಸೊಲೆದಾದ್ ಅವಳನ್ನು ನೋಡಿದಳು, ಗೋಡೆಯನ್ನು ನೋಡಿದಳು. ಹಣದ ಚೀಲವನ್ನು ರವಿಕೆಯೊಳಗೆ ತುರುಕಿ ಸ್ಟೂಲನ್ನು ಎರಡೂ ಕೈಯಲ್ಲಿ ಹಿಡಿದಳು. "ಬಿದ್ದು ಸತ್ತರೆ ಆ ಖರ್ಚೂ ನನ್ನ ತಲೆಗೇ ಬರತ್ತೆ. ಹತ್ತು."

ಎವರಿಸ್ತೊ ಗಾರೆ ಕಲಸುವುದರಲ್ಲಿ ಜಿಪುಣತನ ಮಾಡಿರಲಿಲ್ಲ. ಸೊನ್ನೆ ಒಡೆಯುವಷ್ಟರಲ್ಲೇ ಡೆಲ್ಫಿನಾಳ ಅಂಗೈಯಲ್ಲಿ ಬೊಬ್ಬೆಯೆದ್ದಿತು. ನೀಲಿ ಚೂರುಗಳು ನಿಧಾನವಾಗಿ, ಬಹಳ ನಿಧಾನವಾಗಿ ಬಿದ್ದವು ಎಂದು ಅವಳಿಗೆ ಅನ್ನಿಸಿತು. ಸೊಲೆದಾದಳ ಹೊಸ ಬಣ್ಣದ ಕೂದಲ ಮೇಲೆ ಬಿದ್ದು ಅಲ್ಲೇ ಉಳಿದವು. ಸಾಲಿನಲ್ಲಿ ಯಾರೋ ಮುದುಕ ಟೋಪಿ ತೆಗೆದ. ಫೌಸ್ತಿನೊ ಬೈಯುತ್ತ ಹೊರಟುಹೋದ. ಅವನ ಹಿಂದೆ ಮತ್ತಷ್ಟು ಜನ. ಒಂದರ ಅಂಕಿ ಕಡೆಗೆ ಬಂತು, ಸುತ್ತಲಿನ ಗಾರೆಯನ್ನೂ ಕಿತ್ತುಕೊಂಡೇ ಬಂತು.

ಟೈಲು ಇದ್ದ ಜಾಗದಲ್ಲಿ ಗೋಡೆ ಹೊಸದಾಗಿ ಬೆಳ್ಳಗಿತ್ತು. ಅಲ್ಲಿ ಬರೆಯಲು ಅಂಗಡಿಯಲ್ಲಿ ಸೀಮೆಸುಣ್ಣ ಇರಲಿಲ್ಲ, ಯಾವತ್ತೂ ಇರಲಿಲ್ಲ. ಒಲೆಯಿಂದ ಇದ್ದಿಲು ತಂದು, ಮತ್ತೆ ಹತ್ತಿ '20' ಎಂದು ಬರೆದಳು. ಅಂಕಿ ವಾರೆಯಾಯಿತು.

ಕೆಳಗಿಳಿದು ಕಿಟಕಿಯ ಹಿಂದೆ ಕೂತಳು. ಯಾರೂ ಮುಂದೆ ಬರಲಿಲ್ಲ. ಸೊಲೆದಾದ್ ತಲೆ ಕೊಡವಿಕೊಂಡು, ರವಿಕೆಯಿಂದ ಚೀಲ ತೆಗೆದು, ಸಾವಿರ ಪೆಸೊ ಒಳಗೆ ತಳ್ಳಿದಳು.

"ಐವತ್ತು ಡಾಲರು ಬರತ್ತೆ, ಕೊಮಾದ್ರೆ."

"ಗೊತ್ತು. ಉಡುಪಿನ ಹಿಂದೆ ಮೂರು ಗಜ ಬಾಲ ಇದೆ, ಅದನ್ನ ಕತ್ತರಿಸಿ ಮಿಕ್ಕಿದ್ದು ಕೊಡಿ ಅಂತೀನಿ. ಬಾಲ ಇಲ್ದಿದ್ರೆ ಮದುವೆ ನಿಲ್ಲತ್ತಾ?"

"ಕೊಡದಿದ್ರೆ?"

"ಕೊಡದಿದ್ರೆ ನಿನ್ನ ಮನೆಗೆ ಬಂದು ಅಳ್ತೀನಿ. ಈಗ ಬೇಗ ಕೊಡು, ಇದ್ದಿಲು ಅಳಿಸೋ ಮುಂಚೆ."

ಡೆಲ್ಫಿನಾ ನೋಟುಗಳನ್ನು ಕೊಟ್ಟಳು. ಸೊಲೆದಾದ್ ಮಡಚಿಟ್ಟುಕೊಂಡು ಬೇಲಿಯ ಕಡೆ ನಡೆದಳು. ಕೂದಲಲ್ಲಿ ಗಾರೆಯ ಪುಡಿ ಹಾಗೇ ಇತ್ತು. ಸಾಲಿನಲ್ಲಿ ಉಳಿದಿದ್ದವರಲ್ಲಿ ಮುಂದಿದ್ದ ಆ ಮುದುಕ ಮತ್ತೆ ಟೋಪಿ ಹಾಕಿಕೊಂಡು ಕಿಟಕಿಗೆ ಬಂದ.