ಕಷ್ಟದಮ್ಮನ ಪದಗಳು

ಅವರು ಸದಾ ಬಲಕ್ಕೆ ವಾಲಿಕೊಂಡು ನಡೆಯುತ್ತಿದ್ದರು. ಬೆನ್ನುಮೂಳೆಯಲ್ಲಿ ದೋಷವೇನೂ ಇರಲಿಲ್ಲ. ಮೊಣಕಾಲು ಮುಟ್ಟುವ ಬೂದು ಕೋಟಿನ ಬಲಜೇಬಿನಲ್ಲಿ ಇನ್ನೂರು ಮುನ್ನೂರು ಚೀಟಿಗಳ ಕಟ್ಟೊಂದು ತುಂಬಿರುತ್ತಿತ್ತು, ಅಷ್ಟೆ. ನಮ್ಮ ವೈದ್ಯಕೀಯ ಪದಕೋಶದ ಕಚೇರಿಯಲ್ಲಿ ಗ್ರೀಕ್ ಮೂಲದ ಪದಗಳನ್ನು ಉಪಸರ್ಗಗಳ ಪ್ರಕಾರ ಹಂಚಿಕೊಂಡಾಗ ಅವರ ಪಾಲಿಗೆ ಬಂದದ್ದು ‘ಡಿಸ್’. ಡಿಸ್ಪ್ನಿಯಾ, ಡಿಸ್ಫೇಜಿಯಾ, ಡಿಸ್ಯೂರಿಯಾ, ಡಿಸ್ಪೆಪ್ಸಿಯಾ. ಉಸಿರಾಡಲು, ನುಂಗಲು, ಮೂತ್ರ ವಿಸರ್ಜಿಸಲು, ಅರಗಿಸಿಕೊಳ್ಳಲು ಮನುಷ್ಯ ಪಡುವ ಸಮಸ್ತ ಪಾಡೂ ಆ ಒಂದೇ ಜೇಬಿನಲ್ಲಿತ್ತು. ಬೆನ್ನ ಹಿಂದೆ ನಾವು ಅವರನ್ನು ಕಷ್ಟದಮ್ಮ ಎನ್ನುತ್ತಿದ್ದೆವು. ಅದು ಅವರಿಗೂ ಗೊತ್ತಿತ್ತು.

ಹೆಸರು ಬಂದದ್ದು ಅವರ ಹಟದಿಂದ. ಸಮಿತಿಯ ಪಂಡಿತರಿಗೆ ‘ಡಿಸ್’ ಕಂಡಲ್ಲೆಲ್ಲ ‘ದುಃ’ ಎಂದು ಕೂರಿಸುವ ಉತ್ಸಾಹ. ದುಃಶ್ವಾಸ, ದುರ್ಜೀರ್ಣ ಎಂದು ಪಟ್ಟಿ ಬೆಳೆಯುತ್ತಲೇ ಇತ್ತು. ಈಕೆ ಮಾತ್ರ ಉಸಿರಾಟದ ಕಷ್ಟ, ನುಂಗುವ ಕಷ್ಟ ಎಂದು ಬರೆದಿಟ್ಟು ಜಪ್ಪಯ್ಯ ಎಂದರೂ ಜಗ್ಗಲಿಲ್ಲ. “ರೋಗಿ ಯಾವ ದುಷ್ಕೃತ್ಯಾನೂ ಮಾಡಿಲ್ಲ ಸ್ವಾಮಿ, ಕಷ್ಟದಲ್ಲಿದ್ದಾನೆ” ಎಂದು ಅಧ್ಯಕ್ಷರ ಮುಖಕ್ಕೇ ಹೇಳಿದರು. ಊಟದ ಬಿಡುವಿನಲ್ಲಿ ಎದುರಿನ ಆಸ್ಪತ್ರೆಗೆ ಹೋಗಿ ಹೊರರೋಗಿಗಳ ಬೆಂಚಿನ ಮೇಲೆ ಕೂತು, ನಿಮಗೆ ಏನಾಗುತ್ತೆ ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದರು. “ತುತ್ತು ಎದೇಲೇ ಕೂತುಬಿಡುತ್ತಮ್ಮಾ” ಎಂದು ಲಾರಿ ಚಾಲಕನೊಬ್ಬ ಹೇಳಿದ್ದನ್ನು ಹಾಗೆಯೇ ಚೀಟಿಗಿಳಿಸಿಕೊಂಡು ಬಂದ ದಿನ ಅವರ ಮುಖದಲ್ಲಿದ್ದ ಗೆಲುವು ನನಗೆ ಈಗಲೂ ನೆನಪಿದೆ. ಕರಡು ತಿದ್ದುವವನಾಗಿ ನಾನು ಆ ಚೀಟಿಗಳನ್ನೆಲ್ಲ ಓದಬೇಕಾಗಿತ್ತು, ಗೊಣಗುತ್ತಲೇ ಓದುತ್ತಿದ್ದೆ.

ಒಂದು ಚೀಟಿಯ ವಿಷಯ ಮಾತ್ರ ಬೇರೆ. ಅವರ ಯಜಮಾನರು ಭೂಗೋಳದ ಮೇಷ್ಟರು. ತರಗತಿಯಲ್ಲಿ ನದಿಗಳ ಹೆಸರು ಹೇಳಿದರೆ ಬೀದಿಯ ಆ ತುದಿಗೆ ಕೇಳಿಸುತ್ತಿತ್ತಂತೆ. ಮಿದುಳಿನ ಆಘಾತವೊಂದು ಆ ಕಂಠವನ್ನು ಬರಿದುಮಾಡಿ, ‘ಅದು’ ಎಂಬ ಒಂದೇ ಪದವನ್ನು ಉಳಿಸಿಹೋಗಿತ್ತು. ನೀರೂ ಅದು, ಕಿಟಕಿಯೂ ಅದು, ಮಗಳೂ ಅದು. ವೈದ್ಯರು ಕಡತದಲ್ಲಿ ಅಫೇಸಿಯಾ, ಎಂದರೆ ಮಾತು ಇಲ್ಲ, ಎಂದು ಬರೆದರು. ಈಕೆ ಜೇಬಿನಿಂದ ಕೆಂಪು ಪೆನ್ನು ತೆಗೆದು ಅದನ್ನು ಹೊಡೆದುಹಾಕಿ ಡಿಸ್ಫೇಸಿಯಾ, ಮಾತಿಗೆ ಕಷ್ಟ, ಎಂದು ತಿದ್ದಿಯೇಬಿಟ್ಟರು. “ಒಂದು ಪದ ಇದೆಯಲ್ಲ ಡಾಕ್ಟ್ರೇ, ಇಲ್ಲ ಅಂತ ಹೇಗೆ ಬರೀತೀರಿ?” ಅದೇ ದಿನ ಹೊಸ ಚೀಟಿಯಲ್ಲಿ ಆ ಪದ ಬರೆದು, ಕೆಳಗೆ ಉದಾಹರಣೆಯಾಗಿ “ಎಲ್ಲಕ್ಕೂ ‘ಅದು’ ಎನ್ನುವ ರೋಗಿ” ಎಂದು ಸೇರಿಸಿದರು.

ಒಂದು ಭಾನುವಾರ ಕರಡು ಹಿಡಿದು ಅವರ ಮನೆಗೆ ಹೋಗಿದ್ದೆ. ಮೇಷ್ಟರು ಕುರ್ಚಿಯ ತುದಿಗೆ ಬಂದು “ಅದು… ಅದು…” ಎಂದು ತಡವರಿಸತೊಡಗಿದರು. ಈಕೆ ಪೆನ್ನು ಕೆಳಗಿಟ್ಟು ಅವರ ಬಾಯನ್ನೇ ನೋಡುತ್ತ ಕೂತರು. ಒಲೆಯ ಮೇಲೆ ಹಾಲು ಉಕ್ಕಿ ಚೆಲ್ಲಿದರೂ ಏಳಲಿಲ್ಲ. ನಾನು ತಡೆಯಲಾರದೆ “ನೀರು ಬೇಕೇನೋ” ಎಂದೆ.

“ನೀವು ಹೇಳಿಕೊಡಬೇಡಿ. ಅವರು ಹುಡುಕ್ತಾ ಇದ್ದಾರೆ.”

ಮೇಷ್ಟರು ಬಹಳ ಹೊತ್ತು ಹುಡುಕಿ, ಸಿಗದೆ, ಮಗುವಿನಂತೆ ನಕ್ಕು ಕಿಟಕಿಯತ್ತ ತಿರುಗಿದರು. ಈಕೆ ಚೆಲ್ಲಿದ ಹಾಲು ಒರೆಸುತ್ತ, ನನಗೆ ಬೆನ್ನು ಮಾಡಿಯೇ ಹೇಳಿದರು: “ಮದುವೆಯಾದಾಗಿನಿಂದ ಒಂದು ದಿನ ಹೆಸರು ಹಿಡಿದು ಕರೆದೋರಲ್ಲ. ಬರೀ ‘ಇವಳೇ, ಇವಳೇ’. ಮೈಯೆಲ್ಲ ಉರೀತಿತ್ತು ನನಗೆ. ಈಗ ಒಂದೇ ಒಂದು ಸಲ ಹಾಗೆ ಕರೆದುಬಿಡಲಿ ಅನ್ಸುತ್ತೆ ನೋಡಿ.” ಆ ಮೂರಕ್ಷರಕ್ಕಾಗಿ ಅವರು ಮೂರು ವರ್ಷ ಕಾದರು.

ಎರಡನೆಯ ಆಘಾತದಿಂದ ಮೇಷ್ಟರ ಜೀವ ಉಳಿಯಿತು, ‘ಅದು’ ಉಳಿಯಲಿಲ್ಲ. ಹದಿನೈದು ದಿನದ ರಜೆ ಮುಗಿಸಿ ಈಕೆ ಬಂದಾಗ ಕೊನೆಯ ಕರಡು ಮುದ್ರಣಕ್ಕೆ ಹೊರಟು ನಿಂತಿತ್ತು. ತಮ್ಮ ಪುಟ ತೆಗೆದು ಆ ಉದಾಹರಣೆಯ ಸಾಲಿನ ಮೇಲೆ ಗೀಟೆಳೆದರು.

“ಇರಲಿ ಬಿಡಿ ಮೇಡಂ, ಯಾರಿಗೆ ಗೊತ್ತಾಗುತ್ತೆ?” ಎಂದೆ.

“ಓದೋರಿಗೆ ಸುಳ್ಳು ಹೇಳಬಾರದು ಕಣ್ರೀ. ಅವರಿಗೆ ಈಗ ಕಷ್ಟ ಅಲ್ಲ. ಇಲ್ಲ.”

ಪಕ್ಕದ ಮೇಜಿನಲ್ಲಿ ಅಫೇಸಿಯಾದ ಪುಟವಿತ್ತು. ಅಲ್ಲಿಗೆ ತಾವೇ ಎದ್ದು ಹೋಗಿ, “ಹಿಂದೆ ಒಂದು ಪದ ಆಡುತ್ತಿದ್ದ ರೋಗಿ” ಎಂದು ದುಂಡಗೆ ಬರೆದರು. ಆಮೇಲೆ ನನ್ನ ಕಡೆ ತಿರುಗಿ, “ಅದು ಅಂತಲಾದ್ರೂ ಅಂತಿದ್ರು” ಎಂದು ಪೆನ್ನನ್ನು ಜೇಬಿಗಿಟ್ಟುಕೊಂಡರು.

ಪದಕ್ಕೆ ಅರ್ಥ ಬರೆಯುವವರನ್ನು ಒಣ ಜನವೆಂದು ನಾವು ಮೂಗು ಮುರಿಯುತ್ತೇವೆ. ನಾವಾದರೋ ಆಸೆಯ ಅಳತೆಗೆ ಮಾತನ್ನು ಹಿಗ್ಗಿಸಿಕೊಂಡು ಹೇಗೋ ದಿನ ದೂಡುವವರು. ಅವರಂಥವರಿಗೆ ಆ ಸೌಕರ್ಯವಿಲ್ಲ. ಎದೆ ಒಡೆದರೂ ಇಲ್ಲದ್ದನ್ನು ಇಲ್ಲವೆಂದೇ ಬರೆಯುತ್ತಾರೆ. ಬರೆದು, ಮನೆಗೆ ಹೋಗಿ, ಕರೆಯಲಾರದವರ ಪಕ್ಕದಲ್ಲಿ ಕಿವಿಗೊಟ್ಟು ಕೂರುತ್ತಾರೆ.