ಎಡಕ್ಕೆ ಎಳೆದರೆ ಕಟ್

ಬಸ್ಸಿನ ಡ್ರೈವರನ ಮುಂದೆ ಗಾಜಿಗೆ ಅಂಟಿಸಿದ ಫೋನಿಗೆ ಕರೆ ಬಂದಿದೆ, ಆ ಹಸಿರು ಗುಂಡು ಅಲ್ಲಾಡುತ್ತಿದೆ, ಅಲ್ಲಾಡುತ್ತಲೇ ಇದೆ, ಎತ್ತೋ ಮಾರಾಯ, ಯಾರು ಯಾವ ಸಂಕಟದಲ್ಲಿ ಮಾಡಿದ್ದಾರೋ ಎಂದು ರೂಪಶ್ರೀಗೆ ಕೂಗಿಬಿಡಬೇಕೆನಿಸಿತು, ಅಷ್ಟರಲ್ಲಿ ಅವನು ರಸ್ತೆಯಿಂದ ಕಣ್ಣು ಕೀಳದೆ ಹೆಬ್ಬೆರಳಲ್ಲಿ ಬಲಕ್ಕೆ ಎಳೆದ, ಹಾಂ ಹೇಳಲೇ ಎಂದ — ನೋಡು, ಇವನಿಗೆ ರೂಢಿಯಾಗಿದೆ, ಎರಡು ದಿನ ಬಳಸಿದರೆ ಕೈಗೆ ರೂಢಿಯಾಗುತ್ತೆ ಎಂದು ಬೆಳಗಿನಿಂದ ತಾನು ಕೆಲಸಕ್ಕಿರುವ ಮೊಬೈಲ್ ಅಂಗಡಿಗೆ ಬಂದಬಂದವರಿಗೆಲ್ಲ ಹೇಳಿದ್ದು ಸುಳ್ಳಲ್ಲ, ಸುಳ್ಳಲ್ಲ ಕಣೇ, ನಿಜವನ್ನೇ ಹೇಳಿದ್ದೀಯ, ಯಾರ ಉದ್ಧಾರಕ್ಕೆ. ಬಸ್ಸಿಗೆ ದಾವಣಗೆರೆ ಬಿಡಲು ಮನಸ್ಸೇ ಇಲ್ಲ, ಪಿ.ಬಿ. ರಸ್ತೆಯಲ್ಲಿ ಕೈ ಅಡ್ಡ ಹಿಡಿದವರನ್ನೆಲ್ಲ ಹತ್ತಿಸಿಕೊಳ್ಳುತ್ತದೆ, ಹರಿಹರ ಹರಿಹರ ಹರಿಹರ ಎಂದು ಬಾಗಿಲಲ್ಲಿ ನೇತಾಡುತ್ತ ಕೂಗುವ ಈ ಕಂಡಕ್ಟರನ ಗಂಟಲು ಕಟ್ಟಬಾರದೇ, ಅಲ್ಲಿ ಹರಿಹರದ ಆಸ್ಪತ್ರೆಯಲ್ಲಿ ಪೂಜಾ, ಬೆನ್ನಿಗೆ ಬಿದ್ದ ತಂಗಿ, ಏಳು ತಿಂಗಳ ಬಸುರಿ, ಮುಂದಿನ ವಾರ ಕುಬಸ ಮಾಡಿ ಬಾಣಂತನಕ್ಕೆ ಕರೆದುಕೊಂಡು ಬರಬೇಕಾಗಿದ್ದವಳು. ತಂಗಿಯ ಗಂಡ ಕೊಟ್ರೇಶನ ಫೋನು ಬಂದಾಗ ಇವಳು ಕೌಂಟರ್ ಒರೆಸುತ್ತಿದ್ದಳು, ಅಕ್ಕಾರೆ, ಜಲ್ದಿ ಬರ್ರಿ, ಪೂಜಾನ್ನ ಆಸ್ಪತ್ರೆಗೆ ಹಾಕೀನಿ, ಭಾಳ ರಕ್ತ ಹೋಗೈತೆ, ಪಾಳಿ ಮುಗಿಸ್ಕಂಡು ಬಂದು ನೋಡ್ತೀನಿ, ಹೊಸ್ತಿಲ ಹತ್ರ ಗೋಡೆಗೆ ಒರಗಿ ಕುಂತಾಳೆ, ಮಡ್ಲಾಗೆ ಫೋನು, ಕರೆದ್ರೆ ಓ ಅನ್ಲಿಲ್ಲ, ಅಲ್ರಿ, ಫೋನ್ ಮಡ್ಲಾಗೇ ಐತೆ, ಯಾರಿಗಾದ್ರೂ ಯಾಕ ಹಚ್ಚಲಿಲ್ಲ, ನನಗೆ ಹಚ್ಚಬೌದಿತ್ತು, ಓಣಿ ತುದಿ ಹಜೀರಾಬೀಗೆ ಹಚ್ಚಬೌದಿತ್ತು, ನೂರಾ ಎಂಟಕ್ಕೆ ಹಚ್ಚಬೌದಿತ್ತು, ನಿಮಗಾದ್ರೂ ಹಚ್ಚಿದ್ಳಾ ಅಕ್ಕಾರೆ — ಬಂದೆ, ಈಗಲೇ ಹೊರಟೆ ಎಂದಷ್ಟೇ ಇವಳ ಬಾಯಿಂದ ಬಂತು. ಒರೆಸುವ ಬಟ್ಟೆ ಇನ್ನೂ ಕೈಯಲ್ಲೇ ಇದೆ, ಅದನ್ನು ಹಿಡಿದುಕೊಂಡೇ ಬಸ್ ಹತ್ತಿದ್ದಾಳೆ.

ಹಚ್ಚಿದ್ದಳು. ಪೂಜಾ ಹಚ್ಚಿದ್ದಳು, ಇವಳಿಗೇ ಹಚ್ಚಿದ್ದಳು, ಅಂಗಡಿ ತುಂಬ ಜನ ಇದ್ದಾಗ, ಆ ದರಿದ್ರ ವಾದ ಕಾವೇರಿದ್ದಾಗ. ಕಂಪನಿಯವರು ಯಾರನ್ನೂ ಕೇಳದೆ ಫೋನ್ ಬರುವ ಪರದೆಯ ರೂಪವನ್ನೇ ಬದಲಾಯಿಸಿಬಿಟ್ಟಿದ್ದಾರೆ, ವಾರದಿಂದ ಒಬ್ಬೊಬ್ಬರ ಫೋನಿಗೇ ಬರುತ್ತಿದೆ, ಮೊದಲು ಮೇಲಕ್ಕೆ ತಳ್ಳಿದರೆ ಮಾತು, ಕೆಳಕ್ಕೆ ತಳ್ಳಿದರೆ ಕಟ್, ಈಗ ಗುಳಿಗೆಯಂಥ ಉದ್ದನೆಯ ಪಟ್ಟಿ, ಅದರ ನಡುವೆ ಹಸಿರು ಗುಂಡು, ಬಲಕ್ಕೆ ಎಳೆದರೆ ಮಾತು, ಎಡಕ್ಕೆ ಎಳೆದರೆ ಕಟ್, ಅಂಕಿಗಳೆಲ್ಲ ದುಂಡುದುಂಡಗೆ, ಬಣ್ಣವೆಲ್ಲ ತೆಳು. ಮಾಯಕೊಂಡದ ಉಜ್ಜನಪ್ಪಜ್ಜ ಕರ್ಚೀಫಿನಲ್ಲಿ ಸುತ್ತಿ ತಂದ ಫೋನನ್ನು ಕೌಂಟರಿನ ಮೇಲಿಟ್ಟು, ಏನವ್ವಾ ಇದು, ರಾತ್ರಿ ಮಲಗೋವಾಗ ನಂದೇ ಫೋನಿತ್ತು, ಎದ್ದು ನೋಡಿದ್ರೆ ಬ್ಯಾರೆಯವರ್ದು ಐತೆ, ಯಾರೋ ಕಳ್ಳರು ಒಳಗೆ ಹೊಕ್ಕಾರೆ ನೋಡು ಅಂದಾಗ ಅಂಗಡಿಯೆಲ್ಲ ಗೊಳ್ಳೆಂದಿತು, ವಿದ್ಯಾನಗರದ ಹಾಸ್ಟೆಲಿನ ಹುಡುಗಿಯೊಬ್ಬಳು, ಅಜ್ಜ ಹೇಳಿದ್ದು ಕರೆಕ್ಟ್ ಆಂಟಿ, ಚಿಕ್ಕಮಕ್ಕಳ ಆಟದ ಸಾಮಾನಿದ್ದಂಗೆ ಐತೆ ಅಂದಳು, ರಿಪೇರಿ ಟೇಬಲ್ಲಿನಿಂದ ಶಮೀಮ್ ತಲೆ ಎತ್ತದೆಯೇ, ಕೈಗೆ ರೂಢಿ ಆಗಿದ್ದನ್ನ ಹೇಳದೆ ಕೇಳದೆ ಬದಲಾಯಿಸಿದ್ರೆ ಹೆಂಗೆ ರೂಪಾ, ನಮ್ಮ ಮನಿ ಚಿಲಕಾನ ರಾತ್ರೋರಾತ್ರಿ ಆ ಕಡೆ ಬಡಿದು ಹೋದಂಗೆ ಅಂದಳು, ಇವಳಿಗೆ ಸುಮ್ಮನಿರಲು ಬರುವುದಿಲ್ಲವಲ್ಲ, ಯಾವುದೇ ಮಾತಿಗೂ ಕೊನೆಯ ಮಾತು ತನ್ನದೇ ಆಗಬೇಕು, ಹುಟ್ತಾ ಬಂದ ಬುದ್ಧಿ, ಚಿಲಕ ಯಾವ ಕಡೆ ಇದ್ರೇನೇ, ಬಾಗಿಲು ತೆಗಿಯುತ್ತಲ್ಲ, ಹೊಸ ಸೀರೆ ಉಟ್ಟ ದಿನ ಎಲ್ಲರಿಗೂ ಬಿಗಿ ಅನಿಸುತ್ತೆ, ಹಳೇದು ನೋಡೋಕೆ ಹೆಂಗಿತ್ತು, ಗೋಣಿತಾಟಿನಂಗಿತ್ತು ಎಂದಳು, ಮಾಲೀಕರೂ ಕ್ಯಾಶ್ ಬಿಟ್ಟು ಇತ್ತ ತಿರುಗಿದ್ದರು, ನಮ್ಮ ರೂಪಶ್ರೀ ಕೂಡ ವಾದ ಹಾಕಿ ಗೆದ್ದವರಿಲ್ಲ ಬಿಡ್ರಿ ಎಂದರು, ಉಬ್ಬಿಹೋದಳು, ಮುಂಡೇದು. ಅದೇ ಹೊತ್ತಿಗೆ ಇವಳ ಕೈಯಲ್ಲಿದ್ದ ಫೋನು ನಡುಗಿತು, ಪೂಜಾಳ ಫೋಟೋ, ಹಸಿರು ಬಳೆ, ಹಲ್ಲು ಕಾಣುವ ನಗು — ಬಂತು ನೋಡ್ರಿ ಅಜ್ಜಾರೆ, ಹೇಳಿ ಕಳಿಸಿದಂಗೆ ಬಂತು, ನಮ್ಮ ತಂಗೀದೇ, ನೋಡ್ಕಳ್ರಿ, ಬಲಕ್ಕೆ ಎಳೆದ್ರೆ ಮಾತು, ಎಡಕ್ಕೆ ಎಳೆದ್ರೆ ಕಟ್, ಇಷ್ಟೇ ವಿದ್ಯೆ, ಎಂದು ಎಲ್ಲರಿಗೂ ಕಾಣುವಂತೆ ಫೋನನ್ನು ಎತ್ತಿ ಹಿಡಿದು ಹೆಬ್ಬೆರಳಲ್ಲಿ ಎಡಕ್ಕೆ ಎಳೆದಳು. ಅಯ್ಯೋ, ತಂಗೀದು ಯಾಕ ಕಟ್ ಮಾಡ್ದಿ ತಾಯಿ ಎಂದನಲ್ಲ ಆ ಅಜ್ಜ, ಅಷ್ಟು ಜನರಲ್ಲಿ ಅವನೊಬ್ಬನೇ ಕೇಳಿದ್ದು. ಆಮೇಲೆ ಮಾಡ್ತೀನಿ ಬಿಡ್ರಿ, ಅವಳಿಗೆ ಗೊತ್ತಾಗುತ್ತೆ ಎಂದಳು.

ಅವಳಿಗೆ ಗೊತ್ತಾಗುತ್ತೆ. ಗೊತ್ತಾಗದೆ ಏನು, ಕಲಿಸಿದವಳು ಇವಳೇ ತಾನೇ, ಇವಳು ದಾವಣಗೆರೆಯ ಹಾಸ್ಟೆಲಿನಲ್ಲಿ ಓದುವಾಗ ಊರಿನಲ್ಲಿ ಅವ್ವನ ಹತ್ತಿರ ಗುಂಡಿ ಒತ್ತುವ ಡಬ್ಬಾ ಫೋನು, ಅದರಲ್ಲಿ ಮಾತಾಡುವಷ್ಟು ಕರೆನ್ಸಿ ಇರುತ್ತಿದ್ದುದು ಹಬ್ಬಕ್ಕೋ ಹುಣ್ಣಿಮೆಗೋ, ಪೂಜಾ ಲಂಗ ಮೊಣಕಾಲಿಗೆ ಸೇರಿಸಿಕೊಂಡು ಕಟ್ಟೆಯ ಮೇಲೆ ಕೂತು ಫೋನ್ ಹಚ್ಚುತ್ತಿದ್ದಳು, ಇವಳು ಎತ್ತದೆ ಕಟ್ ಮಾಡಿ ತಾನೇ ತಿರುಗಿ ಮಾಡುತ್ತಿದ್ದಳು, ಇವಳ ಫೋನಿನಲ್ಲೂ ಕರೆನ್ಸಿ ಇಲ್ಲದಾಗ ಹಾಸ್ಟೆಲಿನ ಗೆಳತಿಯರದೋ ಯಾರದೋ ಫೋನು ಇಸಗೊಂಡು ಮಾಡಬೇಕು, ಅದಕ್ಕೆ ಸ್ವಲ್ಪ ಹೊತ್ತಾಗುತ್ತಿತ್ತು, ಆ ಹುಡುಗಿಗೆ ತಾಳ್ಮೆ ಎಲ್ಲಿ, ಮತ್ತೆ ಮತ್ತೆ ಹಚ್ಚುವಳು, ಇವಳು ಮಾಡಿದಾಗ ಎಂಗೇಜ್ ಬರುತ್ತಿತ್ತು, ಊರಿಗೆ ಹೋದಾಗ ಕಿವಿ ಹಿಂಡಿ ಹೇಳಿದಳು, ನೋಡು ಪೂಜಿ, ನಾ ಕಟ್ ಮಾಡಿದ್ರೆ ಮಾಡ್ತೀನಿ ಅಂತ ಅರ್ಥ, ಅಲ್ಲೇ ಕುಂತಿರ್ಬೇಕು, ತಿರುಗಿ ನನಗೂ ಹಚ್ಚಬ್ಯಾಡ, ಬ್ಯಾರೆ ಯಾರಿಗೂ ಹಚ್ಚಬ್ಯಾಡ, ತಿಳೀತಾ. ತಿಳೀತಕ್ಕ. ಅವ್ವ ತೀರಿಕೊಂಡ ದಿನವೂ ಹಾಗೇ, ಪೂಜಾ ಹಚ್ಚಿದಳು, ಇವಳು ಪರೀಕ್ಷೆಯ ಹಾಲಿನ ಬಾಗಿಲಲ್ಲಿದ್ದಳು, ಕಟ್ ಮಾಡಿದಳು, ಹೊರಗೆ ಬಂದು ಮಾಡಿದರೆ ಮೊದಲ ರಿಂಗಿಗೇ ಎತ್ತಿದ್ದಳು, ಹೆಣದ ಪಕ್ಕ ಫೋನ್ ಹಿಡಿದುಕೊಂಡೇ ಕೂತಿತ್ತಂತೆ ಆ ಕೂಸು, ನೆಂಟರಿಗೆ ಹೇಳಬೇಕು ಫೋನ್ ಕೊಡು ಎಂದರೂ ಕೊಡಲಿಲ್ಲವಂತೆ, ಅಕ್ಕ ಮಾಡ್ತಾಳೆ, ಅಕ್ಕ ಮಾಡ್ತಾಳೆ. ಆದರೆ ಅದೆಲ್ಲ ಯಾವ ಕಾಲದ ಮಾತು, ಈಗ ಎಲ್ಲರ ಫೋನಿನಲ್ಲೂ ಎಷ್ಟು ಬೇಕಾದರೂ ಮಾತು, ಕರೆನ್ಸಿ ಎಂಬ ಮಾತನ್ನೇ ಜನ ಮರೆತಿದ್ದಾರೆ, ಪೂಜಾ ಈಗ ಸಂಸಾರಸ್ಥೆ, ಬುದ್ಧಿವಂತೆ, ಅಂಥಾ ಹೊತ್ತಿನಲ್ಲಿ ಯಾರಾದರೂ ಕಟ್ಟುಪಾಡು ನೋಡಿಕೊಂಡು ಕೂರುತ್ತಾರೆಯೇ, ತಲೆ ಸುತ್ತಿ ಬಿದ್ದಿರಬೇಕು, ಹೌದು, ಫೋನ್ ಹಚ್ಚಿದ ಕೂಡಲೇ ಎಚ್ಚರ ತಪ್ಪಿರಬೇಕು, ಹಾಗಾದರೆ ಯಾರೇನು ಮಾಡಲಾಗುತ್ತಿತ್ತು.

ಬಿದ್ದಿರಲಿಲ್ಲವಲ್ಲ. ಕೂತಿದ್ದಳಂತೆ. ಗೋಡೆಗೆ ಒರಗಿ, ಮಡಿಲಲ್ಲಿ ಫೋನು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಒಮ್ಮೆ ನೆನಪಾಗಿತ್ತು, ಅದನ್ನೇನೆಂದು ಹೇಳುವುದು, ನೆನಪಾಗಿತ್ತು, ಪೂಜಿ ಮಾಡಿದ್ದಳಲ್ಲ, ಕುಬಸದ ಸೀರೆಯ ಬಣ್ಣ ಕೇಳಲಿಕ್ಕಿರಬೇಕು, ಹಿಡಿದರೆ ಒಂದು ಗಂಟೆ ಬಿಡುವುದಿಲ್ಲ, ಸಂಜೆ ಮಾಡಿದರಾಯಿತು ಎಂದುಕೊಂಡು ರೊಟ್ಟಿ ಮುರಿದಳು, ಶಮೀಮಳ ಜೊತೆ ಮತ್ತೆ ಅದೇ ವಾದ, ಆ ಗುಂಡು ಚಂದವೋ ಈ ಗುಂಡು ಚಂದವೋ, ಶಮೀಮ್ ಕೊನೆಗೆ ಆಯ್ತಮ್ಮ ನೀನೇ ಗೆದ್ದೆ ಎಂದು ಉಪ್ಪಿನಕಾಯಿ ಕೊಟ್ಟಳು, ಗೆದ್ದು ಉಂಡಳು, ಹೊಟ್ಟೆ ತುಂಬ ಉಂಡಳು, ಆಗ ಅಲ್ಲಿ ರಕ್ತ ಹರಿಯುತ್ತಿತ್ತು. ಶಿವನೇ, ಪೂಜಿ ಉಳಿದರೆ ಸಾಕು, ಬೈಯಲಿ, ಕೊಟ್ರೇಶನ ಮುಂದೆಯೇ ಬೈಯಲಿ, ಅಕ್ಕನಿಗೆ ಹಚ್ಚಿದ್ದೆ, ಕಟ್ ಮಾಡಿದಳು ಎಂದು ಊರಿಗೆಲ್ಲ ಹೇಳಲಿ. ಹೇಳಬಾರದು. ಹೇಳಿದರೆ ಆ ಮನೆಯ ಹೊಸ್ತಿಲನ್ನು ಇನ್ನು ಯಾವ ಮುಖ ಹೊತ್ತು ತುಳಿಯುವುದು, ಛೀ, ತಂಗಿ ಅಲ್ಲಿ ಸಾವು ಬದುಕಿನಲ್ಲಿದ್ದಾಳೆ, ಇವಳಿಗೆ ಮುಖದ ಚಿಂತೆ, ಇಳೀರಿ ಇಳೀರಿ ಹರಿಹರ ಎನ್ನುತ್ತಿದ್ದಾನೆ ಕಂಡಕ್ಟರ್, ಯಾರೋ ಹಿಂದಿನಿಂದ ನಡೀರಿ ಅಮ್ಮ ಎಂದು ನೂಕಿದರು.

ಆಸ್ಪತ್ರೆಯ ಮೆಟ್ಟಿಲಲ್ಲಿ ಕೊಟ್ರೇಶ, ಕಾರ್ಖಾನೆಯ ನೀಲಿ ಅಂಗಿಯಲ್ಲೇ ಇದ್ದಾನೆ, ತೋಳಿಗೆ ಕಪ್ಪಗೆ ಒಣಗಿದ ಕಲೆ, ಎಣ್ಣೆಯದಲ್ಲ ಅದು, ಕೂಸು ಉಳೀಲಿಲ್ಲ ಅಕ್ಕಾರೆ, ಗಂಡಿತ್ತು, ಪೂಜಾಗೆ ಜೀವಕ್ಕೇನಿಲ್ಲ ಅಂದ್ರು, ಇನ್ನೊಂದೀಟು ಮೊದ್ಲೇ ತಂದಿದ್ರೆ ಅಂದ್ರು, ಎಂದು ಅವನು ಹೇಳುವಾಗ ಇವಳು ಅವನ ಅಂಗಿಯ ಗುಂಡಿಯನ್ನೇ ನೋಡುತ್ತಿದ್ದಾಳೆ, ದುಂಡನೆಯ ಗುಂಡಿ, ಒಂದು ಬಿಚ್ಚಿಕೊಂಡಿದೆ, ಬಾ ಎಂದೋ ಹೋಗೋಣ ಎಂದೋ ಏನೋ ಅಂದಳು, ಫಿನಾಯಿಲ್ ವಾಸನೆ, ಮಂಚದ ಮೇಲೆ ಪೂಜಾ, ತುಟಿಗೆ ಬಣ್ಣವೇ ಇಲ್ಲ, ಕೈಗೆ ಸೂಜಿ, ಹಸಿರು ಬಳೆಗಳನ್ನು ತೆಗೆಸಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಿಟಕಿಯಲ್ಲಿ ಇಟ್ಟಿದ್ದಾರೆ. ಕೊಟ್ರೇಶ ಮಂಚದ ಕಂಬಿ ಹಿಡಿದುಕೊಂಡು, ಈಗ ಎಚ್ಚರಾದ ಮ್ಯಾಲೆ ಕೇಳ್ದೆ ಅಕ್ಕಾರೆ, ಯಾಕ ಯಾರಿಗೂ ಹಚ್ಚಲಿಲ್ಲ ಅಂತ, ಆ ಹೊಸ ಸ್ಕ್ರೀನು ತಿಳೀಲಿಲ್ಲಂತೆ, ಎಲ್ಲೆಲ್ಲೋ ಒತ್ತಿದ್ಳಂತೆ, ಎತ್ತ ಎಳೆದ್ರೆ ಏನಾಗ್ತೈತೆ ಗೊತ್ತಾಗ್ಲಿಲ್ಲಂತೆ, ಹಂಗೇ ಕುಂತುಬಿಟ್ಳಂತೆ, ನೀವು ಅದೇ ಅಂಗಡ್ಯಾಗೆ ಇರೋರು, ನೀವೇ ಹೇಳ್ರಿ, ಅಷ್ಟು ಕಷ್ಟ ಐತೇನ್ರಿ ಅದು. ಇವಳು ಪೂಜಾಳನ್ನು ನೋಡಿದಳು. ಮೊನ್ನೆ ಭಾನುವಾರ ಇದೇ ಪೂಜಾ ಫೋನಿನಲ್ಲಿ, ನಂದಕ್ಕೂ ಬಂತಕ್ಕ ಹೊಸಾದು, ಅಂಕಿಯೆಲ್ಲ ದುಂಡುದುಂಡಗೆ ಭಾಳ ಚಂದ ಐತೆ, ಹಜೀರಾಬೀಗೂ ನಾನೇ ಕಲಿಸಿಕೊಟ್ಟೆ ಎಂದು ಹಿಗ್ಗಿದ್ದಳು. ಪೂಜಾ ಇವಳನ್ನೇ ನೋಡುತ್ತಿದ್ದಾಳೆ, ರೆಪ್ಪೆ ಬಡಿಯದೆ, ಹೂಂ ಅನ್ನು ಅಕ್ಕ ಎಂಬಂತೆ. ಬೆಳಗಿನಿಂದ ಅಂಗಡಿಯವರನ್ನೆಲ್ಲ ಗೆದ್ದ ಬಾಯಿ ತೆರೆಯಿತು, ಹೌದ್ರಿ, ಕಷ್ಟ ಐತೆ, ಯಾರಿಗೂ ತಿಳಿಯಂಗಿಲ್ಲ, ಹಳೇದೇ ಚಲೋ ಇತ್ತು ಎಂದಿತು. ಮಣ್ಣಾಗ ಹೋಗ್ಲಿ ಅದನ್ನ ಮಾಡಿದೋರ ಕೈ, ಎಂದು ಕೊಟ್ರೇಶ ಮುಖ ಒರೆಸಿಕೊಂಡು ಔಷಧಿ ಚೀಟಿ ಹಿಡಿದು ಹೊರಗೆ ಹೋದ. ಈಗ ಇಬ್ಬರೇ, ಈಗ ಬೈಯುತ್ತಾಳೆ, ಬೈಯೇ ಪೂಜಿ, ಒಂದು ಸಲ ಬೈದುಬಿಡೇ, ಪೂಜಾ ಸೂಜಿ ಇಲ್ಲದ ಕೈಯನ್ನು ಚಾಚಿ ಇವಳ ಮುಷ್ಟಿಯಿಂದ ಆ ಒರೆಸುವ ಬಟ್ಟೆಯನ್ನು ಬಿಡಿಸಿ ಪಕ್ಕಕ್ಕೆ ಇಟ್ಟಳು, ಅಂಗಡ್ಯಾಗೆ ಭಾಳ ಜನ ಇದ್ರೇನಕ್ಕ ಎಂದಳು. ಹೂಂ ಎಂದಳು ಇವಳು, ಭಾಳ ಜನ ಇದ್ದರು, ಭಾಳ ಜನ, ಹೊಸ್ತಿಲ ಹತ್ತಿರ ಒಬ್ಬಳೇ, ಗೋಡೆಗೆ ಒರಗಿ, ಕಾಲು ಚಾಚಿ, ಲಂಗ ಮೊಣಕಾಲಿಗೆ ಸೇರಿಸಿಕೊಂಡು — ಲಂಗವಲ್ಲ, ಸೀರೆ, ಸೀರೆ ತೊಯ್ದಿದೆ, ಪೂಜಿ ಫೋನನ್ನು ತೊಯ್ಯದ ಹಾಗೆ ಸೆರಗಿನ ಮೇಲೆ ಇಟ್ಟುಕೊಂಡಿದ್ದಾಳೆ, ಪರದೆ ಮೇಲಕ್ಕೆ, ಈಗ ಬರುತ್ತೆ, ಯಾರಿಗೂ ಹಚ್ಚಬಾರದು, ಈಗ ಬರುತ್ತೆ, ಫೋನು ಮಡಿಲಲ್ಲಿ, ಪರದೆ ಮೇಲಕ್ಕೆ, ಮಡಿಲಲ್ಲಿ